ಏಳನೆಯ ಆಳು

ಮೊಣಕಾಲಿಗೆ ಲಾರಿಯ ಬೇರಿಂಗು.
ಅದಿರು ಹೊತ್ತು ಸವೆದದ್ದು. ತೂಕಕ್ಕೆ ಹಾಕಿದ್ದರೆ
ಗುಜರಿಯ ಹೊನ್ನೂರಸಾಬ ಹದಿನೆಂಟು ರೂಪಾಯಿ ಕೊಡುತ್ತಿದ್ದ.
ಎದೆಗೂಡಿಗೆ ಹೊಲಿಗೆ ಮಿಷಿನ್ನಿನ ಪೆಡಲು,
ಒಂದರ ಮೇಲೊಂದು, ಮೂರು.
ಎಷ್ಟೋ ವರ್ಷ ಪಾದ ಉಜ್ಜಿದ ಜಾಗ
ಜಾಲರಿಯಲ್ಲಿ ಇನ್ನೂ ಹೊಳೆಯುತ್ತದೆ.
ಗ್ರೈಂಡರ್ ಹಿಡಿದ ಕೈ ಅಲ್ಲಿಗೆ ಬಂದು ನಿಂತಿತು.
ಅಷ್ಟನ್ನು ಹಾಗೇ ಬಿಟ್ಟೆ.

ಮೈಗೆ ಬೇಕಾದದ್ದನ್ನು ಮಾಬುನ್ನಿ ತಂದಳು,
ಮೂರು ಚೀಲ, ಜೀನ್ಸಿನ ಕತ್ತರಿ ಚೂರು.
ಪ್ಯಾಂಟಿನ ದಾರ ಕತ್ತರಿಸುವವಳು, ಪೀಸಿಗೆ ಇಷ್ಟು ಅಂತ ಲೆಕ್ಕ.
ರಂಜಾನಿಗೆ ಮೆಹಂದಿ ಹಚ್ಚಿದರೂ
ಉಗುರಿನ ಬುಡದಲ್ಲಿ ನೀಲಿ ಇಣುಕುತ್ತದೆ.
'ಈ ಬಟ್ಟಿ ಯಾರೂ ಉಡಲಿಲ್ಲ ನೋಡಣ್ಣ,
ಉಡೋ ಮುಂಚೇನೇ ಹಳೇದಾತು.'

'ಬಾಯಿ ಯಾಕ ಮಾಡಿಲ್ಲ?' ಮಾರೆಕ್ಕ ಕೇಳಿದಳು.
ಒಂದು ಜಿಪ್ಪು ಇತ್ತು, ಹಲ್ಲು ಉದುರಿದ್ದು.
ಎಷ್ಟು ಎಳೆದರೂ ಮುಚ್ಚುತ್ತಿರಲಿಲ್ಲ.
'ಅದನ್ನೇ ಹಾಕು' ಅಂದಳು.

ಕೌಲ್ ಬಜಾರಿನ ಮೊದಲ ಗೇಟಿನ ಹತ್ತಿರ
ಐದು ಗಂಟೆಗೆ ಕೂಲಿಯವರು ಬಂದು ನಿಲ್ಲುತ್ತಾರೆ.
ನಿಲ್ಲುತ್ತಾರೆ ಅಂದರೆ ನಿಲ್ಲುತ್ತಾರೆ, ಅಷ್ಟೆ.
ಸೀರೆ ಅಂಗಡಿಯ ಹುಡುಗ ಮೆಟ್ಟಿಲಿಗೆ ನೀರು ಸುರಿಯುತ್ತಾನೆ,
ಯಾರೂ ಕೂರಬಾರದು ಅಂತ.
ಕಲ್ಲು ಒಣಗುವುದರೊಳಗೆ ಇನ್ನೊಂದು ಬಕೆಟ್ಟು.

ಅದಕ್ಕೇ ಇದನ್ನು ಕೂರಿಸಿದ್ದು.
ತೊಡೆ ಬೆಂಚಿನ ಎತ್ತರಕ್ಕೆ, ಇಬ್ಬರಿಗೆ ಸಾಕು.
ಬಳ್ಳಾರಿಯ ಬಿಸಿಲಿಗೆ ಕಬ್ಬಿಣ ಸುಡುತ್ತದೆಂದು
ಆರು ಪದರ ಜೀನ್ಸು ಸುತ್ತಿದೆ.
ರಾತ್ರೋರಾತ್ರಿ ತಂದೆವು, ನಾನು, ಎರ್ರಿಸ್ವಾಮಿಯ ತಳ್ಳುಗಾಡಿ,
ದಾರಿಯುದ್ದಕ್ಕೂ ಬೊಗಳುತ್ತ ಬಂದ ಒಂದು ನಾಯಿ.

ಪಾಲಿಕೆಯವರು ಬಂದರು.
'ಯಾರದಿದು ಪ್ರತಿಮೆ? ಯಾವ ಜನದವರು?
ಜಯಂತಿ ಯಾವಾಗ?'
ಒಗ್ಗಾಣಿ ತಿನ್ನುತ್ತಿದ್ದವರು ಒಬ್ಬರ ಮುಖ ಒಬ್ಬರು ನೋಡಿದರು.
ಹೆಸರಿಲ್ಲದ್ದಕ್ಕೆ ಪರ್ಮಿಶನ್ ಇಲ್ಲ,
ಹೆಸರಿಲ್ಲದ್ದರ ಮೇಲೆ ನೋಟಿಸ್ ಬರೆಯುವುದು ಹೇಗೆ?
ಪೆನ್ನಿನ ಮುಚ್ಚಳ ಕಚ್ಚಿಕೊಂಡು ಹೊರಟುಹೋದರು.

ಆಮೇಲೆ ಕರೆಂಟು ಹೋದ ಒಂದು ನಸುಕು.
ಮೇಸ್ತ್ರಿ ಟೆಂಪೋದಿಂದ ಇಳಿಯಲೇ ಇಲ್ಲ,
ಮೊಬೈಲಿನ ಬೆಳಕು ಹಾಯಿಸಿ ತಲೆ ಎಣಿಸಿದ.
ಏಳು.
ಏಳು ಆಳು ಹತ್ತಿರಿ ಅಂದ.
ಹತ್ತಿದ್ದು ಆರು.

ಕಂಟೋನ್ಮೆಂಟಿನ ಆಚೆ, ಸೈಟಿನಲ್ಲಿ, ಬೆಳಕಾದ ಮೇಲೆ
ಎಣಿಸಿದ. ಮತ್ತೆ ಎಣಿಸಿದ.
'ದಾರ್‍ಯಾಗ ಒಬ್ರು ಜಿಗಿದು ಓಡಿರಿ' ಅಂದ.
ಏಳು ಆಳಿನ ಇಟ್ಟಿಗೆ
ಆರು ತಲೆಯ ಮೇಲೆ ಮೂರನೆಯ ಅಂತಸ್ತಿಗೆ ಏರಿತು.
ಸಂಜೆ ಕೂಲಿ ಎಣಿಸುವಾಗ ಮಾತ್ರ
ಅವನ ಲೆಕ್ಕ ತಪ್ಪಲಿಲ್ಲ.

ಮಾರೆಕ್ಕ ನೆಟ್ಟಗೆ ಇದರ ಮುಂದೆ ಬಂದು ನಿಂತಳು.
'ಎಲೇ ಕಬ್ಬಿಣದೋನೇ,
ನಿನ್ ಪಾಲಿನ ಇಟ್ಟಂಗಿ ನಾ ಹೊತ್ತೀನಿ ಇವತ್ತು.
ಎದ್ದು ಬರಾಕ ಏನಾಗಿತ್ತು ನಿನಗ?'
ಇನ್ನೂ ಏನೇನೋ ಬೈದಳು, ಬರೆಯಲು ಬಾರದ್ದು.
ಬಸ್ಸಿಗೆ ಕಾಯುವವರು ನಕ್ಕರು, ಅವಳೂ ಸ್ವಲ್ಪ ನಕ್ಕಳು.
ಆಮೇಲೆ ತಲೆಯ ಸಿಂಬಿ ತೆಗೆದು
(ಅದೂ ಮಾಬುನ್ನಿಯ ಚೀಲದ್ದೇ, ಬಿಗಿಯಾಗಿ ಸುತ್ತಿದ ಜೀನ್ಸು)
ಅದರ ತಲೆಯ ಮೇಲಿಟ್ಟಳು.
ತೊಡೆಯ ಮೇಲೆ ಕೂತಳು.
ಚಪ್ಪಲಿ ಬಿಟ್ಟು, ಕಾಲು ಚಾಚಿ,
ಎರಡು ಬಸ್ಸು ಹೋಗಲು ಬಿಟ್ಟಳು.

ಎರಡು ದಿನ ಆ ಕಡೆ ಹೋಗಲಾಗಲಿಲ್ಲ ನನಗೆ,
ಗೇಟಿನ ಬೆಸುಗೆ ಕೆಲಸ ಒಂದು ಮುಗಿಸುವುದಿತ್ತು.
ಹೋಗಿ ನೋಡಿದರೆ ಸಿಂಬಿ ಇಲ್ಲ.
ಅವಳೇ ಒಯ್ದಳೋ,
ಬರಿದಲೆಯಲ್ಲಿ ಕೆಲಸಕ್ಕೆ ಬಂದ ಹೊಸಬರು ಯಾರೋ.
ನೆತ್ತಿಯ ತುಂಬ ಮೆತ್ತಿದ ಕೆಂಧೂಳಿನ ನಡುವೆ
ಧೂಳು ಕೂರದೆ ಉಳಿದ ಒಂದು ದುಂಡು.

ಕೈಯಲ್ಲಿ ಒರೆಸುವ ಬಟ್ಟೆ ಇತ್ತು.
ಒರೆಸಲಿಲ್ಲ.